ಕೈಗೆ ಒಪ್ಪಿದ ರಿವಾಲ್ವರ್

ಶ್ವೇತ ಅಪ್ಪನ ಗಡ್ಡ ಹೆರೆಯುತ್ತಿದ್ದಳು. ಜಗಲಿಯ ಮೇಲೆ ಮಣೆ ಹಾಕಿ, ಬೆಳಕಿಗೆ ಮುಖ ಮಾಡಿಸಿ ಕೂರಿಸಿ, ಹೆಗಲಿಗೆ ಹಳೆಯ ಟವೆಲ್ಲು ಹೊದಿಸಿ, ಕೆನ್ನೆಗೆ ಸೋಪಿನ ನೊರೆ ಹಚ್ಚಿದ್ದಳು. ಎಡಗೈಯ ಎರಡು ಬೆರಳಿನಿಂದ ಚರ್ಮವನ್ನು ಬಿಗಿಯಾಗಿ ಎಳೆದು, ಬಲಗೈಯ ಕತ್ತಿಯನ್ನು ಕಿವಿಯ ಬುಡದಿಂದ ದವಡೆಯವರೆಗೆ ಇಳಿಸುವಳು, ನೊರೆಯನ್ನು ಪೇಪರಿನ ಚೂರಿಗೆ ಒರೆಸುವಳು, ಮತ್ತೆ ಇಳಿಸುವಳು. ಕತ್ತಿ ಗಂಟಲಿನ ಹತ್ತಿರ ಬಂದಾಗ ನಂಜುಂಡಸ್ವಾಮಿ ಉಸಿರು ಬಿಗಿಹಿಡಿದರು. ಅಲ್ಲಿಯೂ ಅದು ತಡವರಿಸಲಿಲ್ಲ.

ಅವಳು ನೀರು ಚೆಲ್ಲಿ ಬಂದು ಟವೆಲ್ಲು ಕೊಡವುವಾಗ ಅವರು ಅಂದರು: “ನಿನ್ ಕೈ ನಡಗದೇ ಇಲ್ವಲ್ಲವ್ವ.”

ಅವಳು ಕತ್ತಿಯನ್ನು ಒರೆಸಿ ಮಡಚಿಟ್ಟಳು. ಒಂಬತ್ತನೇ ಕ್ಲಾಸಿನ ನಡುವೆ, ಅವ್ವ ತೀರಿಕೊಂಡ ವರ್ಷ, ಸ್ಕೂಲು ಬಿಟ್ಟು ಒಲೆಯ ಮುಂದೆ ಕೂತವಳು. ಅಂದಿನಿಂದ ಮಾತು ಕಡಿಮೆಯಾಗಿ ಕಣ್ಣು ಹೆಚ್ಚಾಗಿತ್ತು. ಮನೆಗೆ ಬಂದವರು ಎದ್ದು ಹೋದಮೇಲೆ ಅವರ ಚಪ್ಪಲಿಯ ಯಾವ ಬದಿ ಸವೆದಿತ್ತು ಅನ್ನುವುದನ್ನೂ ಹೇಳಬಲ್ಲಳು. ಕೇಳಿದರೆ ಮಾತ್ರ.

“ಬಂದೂಕ್ನ ಲೈಸೆನ್ಸ ನಿನ್ ಎಸ್ರಿಗೇ ಮಾಡಿಸ್ಬುಡ್ತಿನಿ,” ಅಂದರು ನಂಜುಂಡಸ್ವಾಮಿ. ತೊಡೆಯ ಮೇಲೆ ಬಿದ್ದಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಪಕ್ಕಕ್ಕೆ ಇಟ್ಟುಕೊಂಡರು. “ಇದಂತೂ ಇನ್ನು ಏಳಲ್ಲ.”

ಯಾತಕ್ಕೆ ಎಂದು ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಆ ಮನೆಯಲ್ಲಿ, ಸತ್ತ ಅಣ್ಣ ಮಧುಕುಮಾರನ ಫೋಟೋಗೆ ಹೂ ಹಾಕುವಷ್ಟೇ ನಿಯಮವಾಗಿ ಇಬ್ಬರೂ ಒಬ್ಬನ ಸಾವನ್ನು ಬಯಸುತ್ತಿದ್ದರು.

ಆ ಒಬ್ಬನೆಂದರೆ ವೃಷಭೇಂದ್ರ. ಪಣಕಹಳ್ಳಿಯಲ್ಲಿ ಇವರ ಹೊಲಕ್ಕೆ ಹೊಂದಿಕೊಂಡ ಹೊಲದವನು, ನಂಜುಂಡಸ್ವಾಮಿಯ ದಾಯಾದಿ ತಮ್ಮನ ಮಗ. ಶ್ವೇತ ಹುಟ್ಟಿದಾಗಿನಿಂದ ಅವನನ್ನು ಅಣ್ಣ ಎಂದೇ ಕರೆದವಳು. ಅವನು ಬೇಲಿಗೆ ನೇರ ಕರೆಂಟು ಬಿಟ್ಟಿದ್ದ. ತಾಳಮಲೆ ಕಾಡಿನ ಕಡೆಯಿಂದ ಇಳಿದು ಬಂದ ಒಂದು ಹೆಣ್ಣಾನೆ ಆ ಬೇಲಿಗೆ ಸೊಂಡಿಲು ತಾಗಿಸಿ ನಿಂತಲ್ಲೇ ಕುಸಿದು ಸತ್ತಿತು. ಅರಣ್ಯದವರು ಬಂದು ಕೇಳಿದಾಗ ಊರೆಲ್ಲ ನೆಲ ನೋಡಿತು. ಮಧುಕುಮಾರ ಒಬ್ಬನೇ ತಂತಿ ಎಲ್ಲಿಂದ ಎಳೆದದ್ದು ಎಂದು ತೋರಿಸಿದ. ವೃಷಭೇಂದ್ರ ನಲವತ್ತೊಂದು ದಿನ ಜೈಲಿನಲ್ಲಿ ಕೂತು ಬಂದ. ಬಂದವನು ಮಧುಕುಮಾರನನ್ನು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಟೀ ಅಂಗಡಿಯಲ್ಲಿ ಎಲ್ಲರೆದುರು ಒಂದೇ ಮಾತು ಆಡಿದ: “ಜೋಳದೊಲ್ದೊಳ್ಗ ಅಂದಿ ಯಾವ್ದು, ಮನ್ಸ ಯಾವ್ದು, ಗೊತ್ತಾದದಾ?” ಎಲ್ಲರೂ ನಕ್ಕಿದ್ದರು.

ಆ ವರ್ಷ ಜೋಳ ಹಾಲು ತುಂಬುವ ಕಾಲಕ್ಕೆ, ಬೆಳಗಿನ ಜಾವ ಮೋಟಾರು ಹಾಕಲು ಬದುವಿನ ಮೇಲೆ ಹೋದ ಮಧುಕುಮಾರ ಹಿಂದಿರುಗಲಿಲ್ಲ. ವೃಷಭೇಂದ್ರ ತಾನೇ ಓಡಿ ಬಂದು ಜಗಲಿಯಲ್ಲಿ ಬಿದ್ದು ಹೊರಳಾಡಿದ. ಕಾವಲಿನ ಅಟ್ಟಣೆಯ ಮೇಲೆ ಕೂತಿದ್ದನಂತೆ. ನಲವತ್ತು ಹೆಜ್ಜೆ ದೂರದಲ್ಲಿ ಜೋಳ ಅಲ್ಲಾಡಿತಂತೆ. ಹಂದಿ ಎಂದು ಜೋಡಿ ನಳಿಗೆಯ ಬಂದೂಕಿನಿಂದ ಹೊಡೆದನಂತೆ.

ಅವತ್ತು ನಂಜುಂಡಸ್ವಾಮಿ ಒಂದು ತಪ್ಪು ಮಾಡಿದರು. ಸತ್ತವನನ್ನು ಕೂರಿಸಬೇಕು. ಪದ್ಮಾಸನ ಹಾಕಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆ ತುಂಬಿ ಸಮಾಧಿ ಮಾಡಬೇಕು. ಹೊಟ್ಟೆ ಕುಯ್ದು ಹೊಲಿದು ಮೂಟೆಯ ಹಾಗೆ ಕಟ್ಟಿಕೊಟ್ಟ ದೇಹವನ್ನು ಕೂರಿಸುವುದು ಹೇಗೆ? ಬಂದ ಪೊಲೀಸ್ ಸಾಹೇಬರ ಕಾಲಿಗೆ ಅವರು ಬಿದ್ದರು. ನನ್ನ ಮಗನನ್ನು ಕುಯ್ಯಬೇಡಿ, ಹೇಗಿದ್ದಾನೋ ಹಾಗೇ ಕೊಡಿ ಎಂದು ಬೇಡಿದರು. ಹಾಗಾದರೆ ಸಾವಿನ ಬಗ್ಗೆ ನಮಗೆ ಯಾವ ಅನುಮಾನವೂ ಇಲ್ಲ ಎಂದು ಬರೆದುಕೊಡಿ ಎಂದರು ಅವರು. ಬರೆದುಕೊಟ್ಟರು. ಮಗ ಕೂತ. ಆ ಕಾಗದದ ಬಲದ ಮೇಲೆ ಕೇಸು ಆಕಸ್ಮಿಕ ಎಂದು ಮುಗಿದು, ವೃಷಭೇಂದ್ರನಿಗೆ ಬಿಡುಗಡೆಯಾಗಿ, ಅವನ ಬಂದೂಕೂ ಅವನ ಕೈಗೆ ವಾಪಸು ಬಂತು. ಸಹಿ ಹಾಕಿದ ಕೈ ಆರು ತಿಂಗಳಿಗೆ ಲಕ್ವ ಹೊಡೆದು ಬಿತ್ತು.

“ಅವ್ನು ಅಂದಿ ಅಂದ,” ಎನ್ನುತ್ತಿದ್ದರು ನಂಜುಂಡಸ್ವಾಮಿ, ಆ ಕೈಯನ್ನು ನೋಡಿಕೊಳ್ಳುತ್ತ. “ನಾನು ಅಂದಿಗೇ ಸೈನ್ ಆಕ್ಬುಟ್ಟೆ.”

ಶ್ವೇತಳಿಗೆ ನೆನಪಿರುವುದು ಇನ್ನೊಂದು. ಹನ್ನೊಂದನೇ ದಿನದ ಊಟಕ್ಕೆ ವೃಷಭೇಂದ್ರ ಬಂದಿದ್ದ. ಸಾಲಿನ ಮೂರನೆಯ ಎಲೆ. ಬಡಿಸಿದವಳು ಅವಳೇ. ಪಾಯಸದ ಪಾತ್ರೆ ಅವನನ್ನು ದಾಟುವಾಗ ಅವನು ಎಲೆಯ ತುದಿಯನ್ನು ಬೆರಳಿನಿಂದ ತಟ್ಟಿದ. ಇನ್ನೊಂದು ಸೌಟು ಹಾಕಿಸಿಕೊಂಡ. ಗೋಡಂಬಿಯನ್ನು ಆರಿಸಿ ಕೊನೆಗೆ ಇಟ್ಟುಕೊಂಡು ತಿಂದ.

ಮನೆಯಲ್ಲಿ ತಾತನ ಕಾಲದ ಒಂಟಿ ನಳಿಗೆಯ ಬಂದೂಕಿನ ಲೈಸೆನ್ಸ್ ಇತ್ತು. ಬಂದೂಕು ತುಕ್ಕು ತಿಂದು ಕೋಲಾಗಿದ್ದರೂ ಕಾಗದ ಮಾತ್ರ ಜೀವ ಹಿಡಿದಿತ್ತು. ಅದು ಮಧುಕುಮಾರನಿಗೆ ಬರಬೇಕಿತ್ತು. ತಂಗಿಯ ಹೆಸರಿಗೆ ಬರಲು, ಉದ್ದ ಬಂದೂಕಿನ ಬದಲು ಕೈಬಂದೂಕು ಎಂದು ತಿದ್ದಿಸಲು ಹತ್ತು ತಿಂಗಳು ಹಿಡಿಯಿತು. ಆಫೀಸಿನಿಂದ ಆಫೀಸಿಗೆ ಓಡಾಡಿದವರು ತಾಳವಾಡಿಯ ಸೋದರಮಾವ ಜಡೇಸ್ವಾಮಿ. ಕಾಡಂಚಿನ ಒಂಟಿ ಮನೆ, ಗಂಡು ದಿಕ್ಕಿಲ್ಲ ಎಂದು ಅರ್ಜಿಯಲ್ಲಿ ಬರೆಸಿದವರೂ ಅವರೇ, ಅದನ್ನು ನಂಬಿದವರೂ ಅವರೇ.

ಕಾಗದ ಕೈಗೆ ಬಂದ ವಾರ ಮಾವ ಜೀಪು ತಂದರು. ದಿಂಬಂ ಘಾಟಿ ಇಳಿದು, ಸತ್ಯಮಂಗಲ ದಾಟಿ, ಕೊಯಮತ್ತೂರಿನ ಒಂದು ಹಳೆಯ ಬಂದೂಕಿನ ಅಂಗಡಿಯ ಮುಂದೆ ನಿಂತರು.

ಅಂಗಡಿಯ ಯಜಮಾನ ಎಪ್ಪತ್ತು ದಾಟಿದ ಮನುಷ್ಯ. ಕೊಳ್ಳೇಗಾಲದಿಂದ ಅವರ ಅಪ್ಪ ಬಂದು ನೆಲೆಸಿದ್ದಂತೆ. ಕನ್ನಡ ಮರೆತಿರಲಿಲ್ಲ. ಕಾಗದಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು.

“ಯಾರಿಗೆ?”

ಜಡೇಸ್ವಾಮಿ ಹೆಬ್ಬೆರಳಿನಲ್ಲಿ ಶ್ವೇತಳನ್ನು ತೋರಿಸಿದರು.

“ಈ ಕೂಸಿಗಾ?”

“ಅಯ್ಯೋ, ಕೂಸು ಅನ್ಬ್ಯಾಡಿ ಸಾಮಿ. ಬಾಯಿ ಬುಡಲ್ಲ, ಬರೀ ನೋಡ್ತದ. ನಮ್ಗೆಲ್ಲ ಅದ್ಕೇ ಇದ್ರ ಕಂಡ್ರ ಭಯ.”

ಯಜಮಾನರು ನಕ್ಕು, ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿದರು. ಅದರ ಮೇಲೆ ನಾಲ್ಕು ಕೈಬಂದೂಕು ಇಟ್ಟರು. ಇಡುವಾಗ ಒಂದೊಂದನ್ನೂ ಬಿಚ್ಚಿ, ಒಳಗೆ ಖಾಲಿ ಎಂದು ತೋರಿಸಿದರು.

ಜಡೇಸ್ವಾಮಿ ಕೇಳುವ ಮೊದಲೇ ಎಲ್ಲಕ್ಕಿಂತ ದೊಡ್ಡದಕ್ಕೆ ಕೈ ಹಾಕಿದರು. ಉದ್ದ ನಳಿಗೆಯ ಕಪ್ಪು ರಿವಾಲ್ವರ್. “ಇದ್ ನೋಡವ್ವ! ಇದ್ರ ತೋರ್ಸುದ್ರೇ ಸಾಕು, ಒಡಿಯದೇ ಬ್ಯಾಡ.”

“ತೋರ್ಸೋಕೆ ಆದ್ರೆ ಸಿನಿಮಾದವ್ರ ಹತ್ರ ಮರದ್ದೇ ಸಿಗ್ತದೆ,” ಎಂದರು ಯಜಮಾನರು. “ಕೈ ಚಾಚಿ ಹಿಡೀ ತಾಯಿ. ನಾನು ಸಾಕು ಅನ್ನೋವರೆಗೆ.”

ಶ್ವೇತ ಹಿಡಿದಳು. ಮೊದಲು ಏನೂ ಅನಿಸಲಿಲ್ಲ. ಆಮೇಲೆ ಮಣಿಕಟ್ಟಿನಲ್ಲಿ ಒಂದು ನರ ಎಳೆಯಿತು. ನಳಿಗೆಯ ತುದಿ ಕೂದಲೆಳೆಯಷ್ಟು ಕೆಳಗೆ ಬಂತು. ಯಜಮಾನರು ಅವಳ ಮುಖ ನೋಡದೆ ಆ ತುದಿಯನ್ನೇ ನೋಡುತ್ತಿದ್ದರು.

“ಸಾಕು. ಇದಕ್ಕೆ ಬಲ ಇದೆ, ಗುರಿಯೂ ಇದೆ. ಆದ್ರೆ ಇದನ್ನ ನೀನು ಎಲ್ಲಿ ಇಟ್ಕೊಂಡು ಓಡಾಡ್ತೀಯ? ಸೊಂಟಕ್ಕೆ ಕಟ್ಕೊಂಡ್ರೆ ಹತ್ತು ಮಾರು ದೂರಕ್ಕೇ ಊರಿಗೆಲ್ಲ ಗೊತ್ತಾಯ್ತದೆ.”

ಊರಿಗೆ ಗೊತ್ತಾಗಬಾರದು. ಶ್ವೇತ ಅದನ್ನು ಕೆಳಗಿಟ್ಟಳು.

ಎರಡನೆಯದು ಅಂಗೈಯೊಳಗೆ ಅಡಗುವಷ್ಟು ಪುಟ್ಟದು. ಹೆಂಗಸರ ಪರ್ಸಿಗೆಂದೇ ಮಾಡಿದ್ದು ಎಂದರು. ಜಡೇಸ್ವಾಮಿಗೆ ಅದನ್ನು ನೋಡಿಯೇ ಅವಮಾನವಾಯಿತು. “ಇದೇನ್ ಸಾಮಿ, ಬೆಂಕಿಪೊಟ್ಣನಾ?” ಆದರೆ ಅವಳಿಗೆ ಇಷ್ಟವಾಯಿತು. ಹಾಲಿನ ಡೈರಿಗೆ ಒಯ್ಯುವ ಬಟ್ಟೆಯ ಚೀಲದಲ್ಲಿ, ಪಾಸ್‌ಬುಕ್ಕಿನ ಪಕ್ಕದಲ್ಲಿ ಅದು ಸದ್ದಿಲ್ಲದೆ ಕೂರಬಲ್ಲದು.

ಅಂಗಡಿಯ ಹಿಂದೆ ಮರಳಿನ ಮೂಟೆ ಒಟ್ಟಿದ ಉದ್ದನೆಯ ಕೋಣೆಯಿತ್ತು. ಕಿವಿಗೆ ಮುಚ್ಚಳ ಹಾಕಿಸಿ, ಎದುರಿಗೆ ಒಂದು ಹಾಳೆ ತೂಗುಬಿಟ್ಟರು.

“ಎಷ್ಟು ದೂರಕ್ಕೆ ಬೇಕು?”

“ಏಳು ಹೆಜ್ಜೆ,” ಎಂದಳು ಶ್ವೇತ. ಅಂಗಡಿಗೆ ಬಂದಮೇಲೆ ಅವಳು ಆಡಿದ ಮೊದಲ ಮಾತು.

ಯಜಮಾನರು ಒಂದು ಗಳಿಗೆ ಅವಳನ್ನು ನೋಡಿದರು. “ಆನೆ ಏಳು ಹೆಜ್ಜೆಗೆ ಬಂದ್ರೆ ಕೈಯೇ ಏಳಲ್ಲ ತಾಯಿ.”

“ಆನೆಗಲ್ಲ.”

“ಅಂದಿಗ, ಅಂದಿಗ,” ಎಂದರು ಜಡೇಸ್ವಾಮಿ ಅವಸರದಲ್ಲಿ.

ಏಳು ಹೆಜ್ಜೆಯ ಲೆಕ್ಕ ಅವಳದೇ. ಒಂದೂವರೆ ವರ್ಷದಿಂದ ನೋಡಿ ನೋಡಿ ಕಟ್ಟಿದ್ದು. ವೃಷಭೇಂದ್ರ ಬೆಳಿಗ್ಗೆ ಏಳೂವರೆಗೆ ಟೀ ಅಂಗಡಿಯ ಹೊರಗಿನ ಬೆಂಚಿನ ಎಡತುದಿಯಲ್ಲಿ ಕೂರುತ್ತಾನೆ. ನಗುವಾಗ ತಲೆಯನ್ನು ಹಿಂದಕ್ಕೆ ಎಸೆದು, ಕಣ್ಣು ಮುಚ್ಚಿ ನಗುತ್ತಾನೆ. ಆಗ ಎಡ ಜೇಬಿನ ಮೇಲೆ ಅಂಗಿ ಬಿಗಿಯುತ್ತದೆ. ಡೈರಿಯ ಮೆಟ್ಟಿಲಿನಿಂದ ಆ ಜೇಬಿಗೆ ಏಳು ಹೆಜ್ಜೆ.

ಪುಟ್ಟ ರಿವಾಲ್ವರ್ ಸಿಡಿದಾಗ ಅವಳ ಅಂಗೈಗೆ ಯಾರೋ ಕಲ್ಲಿನಿಂದ ಕುಟ್ಟಿದ ಹಾಗಾಯಿತು. ಹೆಬ್ಬೆರಳಿನ ಸಂದಿನ ಚರ್ಮ ಸುಲಿದು ಕೆಂಪಾಯಿತು. ಎರಡನೆಯ ಗುಂಡಿಗೆ ಕೈ ತಾನಾಗಿ ಹೆದರಿ ಮೊದಲೇ ಎಗರಿತು. ಹಾಳೆಯಲ್ಲಿ ಒಂದು ತೂತು ಕೆಳಮೂಲೆಯಲ್ಲಿತ್ತು, ಇನ್ನೊಂದು ಇರಲೇ ಇಲ್ಲ.

“ನೋಡಿದ್ಯಾ? ಚಿಕ್ಕದು ಅಂದ್ರೆ ಹಗುರ, ಹಗುರ ಅಂದ್ರೆ ಒದೆಯೆಲ್ಲ ಕೈಗೇ. ಗುಂಡಿಗೂ ಬಲ ಕಡಿಮೆ,” ಎಂದರು ಯಜಮಾನರು. “ಹೆಂಗಸರಿಗೆ ಅಂತ ಇದನ್ನೇ ಕೊಡ್ತಾರೆ. ನಾನು ಕೊಡಲ್ಲ.”

ಮೂರನೆಯದು ಚಪ್ಪಟೆಯ ಪಿಸ್ತೂಲು. ಅದರ ಮೈ ಹಿಂದಕ್ಕೆ ಎಳೆದು ಬಿಟ್ಟರೆ ಮಾತ್ರ ಗುಂಡು ಒಳಗೆ ಹೋಗುತ್ತದೆ. ಹಸುವಿನ ಕೆಚ್ಚಲು ಹಿಂಡಿ ಗಟ್ಟಿಯಾದ ಬೆರಳುಗಳಾದರೂ ಎರಡು ಸಲ ಜಾರಿತು. ಮೂರನೆಯ ಸಲ ಬಂತು, ಆದರೆ ಸದ್ದು ಮಾಡಿತು. ಡೈರಿಯ ಮೆಟ್ಟಿಲಿನಲ್ಲಿ ನಿಂತು ಮೂರು ಸಲ ಎಳೆಯಲು ಆಗುವುದಿಲ್ಲ. ಅವನು ಕಣ್ಣು ತೆರೆದುಬಿಡುತ್ತಾನೆ.

ನಾಲ್ಕನೆಯದನ್ನು ಅವಳು ತಾನೇ ಕೈಗೆತ್ತಿಕೊಂಡಳು. ಮರದ ಹಿಡಿಯ, ಗಿಡ್ಡವೂ ಅಲ್ಲದ ಉದ್ದವೂ ಅಲ್ಲದ ನಳಿಗೆಯ ರಿವಾಲ್ವರ್. ಆರು ಗುಂಡು. ಕಿರುಬೆರಳಿಗೂ ಜಾಗವಿತ್ತು. ತೂಕ ಮಣಿಕಟ್ಟನ್ನು ಎಳೆಯಲಿಲ್ಲ, ಅಂಗೈಯ ಮೇಲೆ ನೆಮ್ಮದಿಯಾಗಿ ಕೂತಿತು. ಚಿಕ್ಕಂದಿನಿಂದ ಅಂಗೈಯಲ್ಲಿ ಲಿಂಗ ಹಿಡಿದು, ರೆಪ್ಪೆ ಹೊಡೆಯದೆ ನೋಡುತ್ತ ಕೂತು ಅಭ್ಯಾಸ. ಆ ಉಸಿರನ್ನೇ ಇಲ್ಲಿ ತಂದಳು. ಸದ್ದು ಆದಮೇಲೆ ತಾನು ಹೊಡೆದೆ ಎಂದು ಗೊತ್ತಾಯಿತು. ಒದೆ ಇತ್ತು, ಆದರೆ ಕರು ತಲೆಯಿಂದ ಗುದ್ದಿದಂತೆ, ತಡೆಯುವಷ್ಟು. ಆರೂ ಗುಂಡು ಮುಗಿದಾಗ ಯಜಮಾನರು ಹಾಳೆಯನ್ನು ಎಳೆದು ತಂದು ಅದರ ಮೇಲೆ ತಮ್ಮ ಅಂಗೈ ಇಟ್ಟರು. ತೂತುಗಳೆಲ್ಲ ಅಂಗೈಯ ಕೆಳಗೆ ಮುಚ್ಚಿಹೋದವು.

“ಶಿವನೇ!” ಎಂದರು ಜಡೇಸ್ವಾಮಿ.

ಶ್ವೇತ ಆ ಹಾಳೆಯಲ್ಲಿ ಒಂದು ಅಂಗಿಯ ಜೇಬು ನೋಡುತ್ತಿದ್ದಳು. ಒಳಗೆ ಏನೋ ಬಿಸಿಯಾಗಿ ಹರಡಿತು. ಬಹಳ ದಿನದ ಮೇಲೆ ಹೊಟ್ಟೆ ತುಂಬಿದ ಹಾಗೆ.

ಬಿಲ್ಲು ಬರೆಯುವಾಗ ಜಡೇಸ್ವಾಮಿ ಸುಮ್ಮನಿರಲಾರದೆ ಅಂದರು: “ಏನೇ ಏಳಿ ಸಾಮಿ, ನಮ್ ಜೋಡಿ ನಳ್ಗ ತೋಟಾ ಬಂದೂಕೇ ಮೇಲು. ಒಂದ್ ಒಡದ್ರ ನೂರು ಸೀಸದ್ ಚರೆ ಅರಡ್ಕತದ. ಒಂದಲ್ಲ ಒಂದು ಬೀಳ್ಲೇಬೇಕು.”

“ದೂರ ಇದ್ರೆ ಹರಡ್ತದೆ,” ಎಂದರು ಯಜಮಾನರು ತಲೆ ಎತ್ತದೆ. “ನಲವತ್ತು ಹೆಜ್ಜೆಗೆ ಮೊರದಗಲ ಹರಡ್ತದೆ. ಹತ್ರದಲ್ಲಿ ಎಲ್ಲಿ ಹರಡ್ತದೆ? ಎರಡು ಹೆಜ್ಜೆಯಿಂದ ಹೊಡೆದ್ರೆ ಚರೆಯೆಲ್ಲ ಒಟ್ಟಿಗೇ ಹೋಗಿ ಒಂದೇ ತೂತು. ಅಂಚು ಕರ್ರಗೆ ಸುಟ್ಟಿರ್ತದೆ. ತೋಟಾದೊಳಗೆ ಚರೆ ಹಿಡಿದಿರೋ ಪ್ಲಾಸ್ಟಿಕ್ ಬಟ್ಟಲು ಇರ್ತದಲ್ಲ, ಅದೂ ಮೈಯೊಳಗೇ ಹೋಗಿ ಕೂತ್ಕೊಂಡುಬಿಡ್ತದೆ. ಹಿಂದೆ ಕೋರ್ಟಲ್ಲಿ ಸಾಕ್ಷಿ ಹೇಳೋಕೆ ನನ್ನನ್ನ ಕರೀತಿದ್ರು. ಆ ಬಟ್ಟಲು ಸಿಕ್ತು ಅಂದ್ರೆ ಮುಗೀತು. ದೂರದಿಂದ ಹೊಡೆದೆ ಅನ್ನೋ ಮಾತು ನಿಲ್ಲಲ್ಲ.”

ಶ್ವೇತಳ ಕೈ ಚೀಲದ ಬಾಯಿಯಲ್ಲೇ ನಿಂತಿತು.

ಹಿತ್ತಲಲ್ಲಿ ಅಣ್ಣನ ಮೈ ತೊಳೆಯುವಾಗ ನೀರಿನ ಬಿಂದಿಗೆ ಹಿಡಿದು ನಿಂತವಳು ಅವಳು. ಎಡ ಪಕ್ಕೆಯ ಕೆಳಗೆ, ಎರಡು ಹೆಬ್ಬೆರಳಿನಷ್ಟು ಅಗಲ, ಒಂದೇ ಒಂದು. ಸುತ್ತ ಕಾಡಿಗೆ ಬಳಿದಂತೆ ಕಪ್ಪು. ತೊಳೆದರೂ ಹೋಗದ ಆ ಕಪ್ಪಿನ ಮೇಲೆ ಸ್ವಾಮಿಗಳು ವಿಭೂತಿ ಒತ್ತಿದ್ದರು. ಬೇರೆ ಎಲ್ಲಿಯೂ ಒಂದು ಗೀರೂ ಇರಲಿಲ್ಲ. ಅವಳು ಎಲ್ಲವನ್ನೂ ನೋಡಿದ್ದಳು. ಅದೇನೆಂದು ಮಾತ್ರ ಗೊತ್ತಿರಲಿಲ್ಲ.

ಬೇಕೆಂದೇ ಕೊಂದ ಎಂದು ಅವಳು ಮೊದಲಿನಿಂದಲೂ ನಂಬಿದ್ದಳು. ನಂಬುವುದು ಬೇರೆ, ಕಾಣುವುದು ಬೇರೆ. ಈಗ ವೃಷಭೇಂದ್ರ ಎಲ್ಲಿ ನಿಂತಿದ್ದ ಎಂಬುದು ಕಾಣುತ್ತಿತ್ತು. ಅಟ್ಟಣೆಯಿಂದ ಇಳಿದು ಬಂದಿದ್ದ. ಎರಡು ಹೆಜ್ಜೆ. ಮಧುಕುಮಾರ ಅವನ ಮುಖ ನೋಡಿರಬೇಕು. ಅಣ್ಣ ಎಂದಿರಬೇಕು.

“ಆ ಬಟ್ಟಲು,” ಎಂದಳು. “ಮಣ್ಣಲ್ಲಿ ಕೊಳೀತದಾ?”

“ಪ್ಲಾಸ್ಟಿಕ್ ಎಲ್ಲಿ ಕೊಳೀತದೆ ತಾಯಿ? ನಾನು ಹೋದ್ಮೇಲೂ ಇರ್ತದೆ.”

ಘಾಟಿ ಹತ್ತುವಾಗ ತಿರುವಿನಿಂದ ತಿರುವಿಗೆ ಜಡೇಸ್ವಾಮಿ ಆರು ಗುಂಡು ಅಂಗೈಯಷ್ಟಗಲಕ್ಕೆ ಬಿದ್ದ ಕಥೆಯನ್ನು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಹಾಸನೂರು ದಾಟಿದಮೇಲೆ ಅವರ ಫೋನು ಹೊಡೆಯಿತು. ತಾಳವಾಡಿ ಸ್ಟೇಷನ್ನಿನಿಂದ. ಎಲೆಕ್ಷನ್ ದಿನಾಂಕ ಬಂದಿದೆ, ಲೈಸೆನ್ಸ್ ಇರುವವರೆಲ್ಲ ಮೂರು ದಿನದೊಳಗೆ ಬಂದೂಕು ತಂದು ಒಪ್ಪಿಸಬೇಕು, ಓಟು ಎಣಿಸಿದ ಮೇಲೆ ವಾಪಸು.

“ಇದೇನವ್ವ, ಮದ್ವ ಆಗಿ ಮನ ತುಂಬ್ಕಳಕ ಮೊದ್ಲೇ ತವ್ರುಗ ಕಳ್ಸದಾ?” ಎಂದು ನಕ್ಕರು ಮಾವ.

ಮನೆಯಲ್ಲಿ ಅದನ್ನು ಕೇಳಿದ ನಂಜುಂಡಸ್ವಾಮಿ ನಗಲಿಲ್ಲ. ಮಾವನ ಜೀಪು ಹೋದಮೇಲೆ ರಿವಾಲ್ವರನ್ನು ಎಡಗೈಯಲ್ಲಿ ಹಿಡಿದು, ಮೂಗಿನ ಹತ್ತಿರ ತಂದು ಎಣ್ಣೆಯ ವಾಸನೆ ನೋಡಿದರು. “ಮೂರ್ ದಿನ ಅದ. ಅಷ್ಟ್ರೊಳ್ಗ ಆಗ್ಬೇಕು.”

ಶ್ವೇತ ಅವರ ಮುಂದೆ ಕೂತಳು. ಅಂಗಡಿಯ ಯಜಮಾನರು ಹೇಳಿದ್ದನ್ನು, ತಾನು ಕಂಡಿದ್ದನ್ನು, ಒಂದು ತೂತನ್ನು, ಅದರ ಕಪ್ಪನ್ನು, ಕೊಳೆಯದ ಬಟ್ಟಲನ್ನು ಹೇಳಿದಳು. ಅಷ್ಟು ಮಾತು ಅವಳು ಒಟ್ಟಿಗೆ ಆಡಿದ್ದು ಅವರಿಗೆ ನೆನಪಿರಲಿಲ್ಲ.

“ಅಪ್ಪ, ಅಣ್ಣನ್ ಗುಂಡಿ ತಗ್ಸಾಣ.”

ಅವರ ಮುಖದ ಒಂದು ಬದಿ ಮಾತ್ರ ಅಲುಗಿತು. “ಏನಂದೆ?”

“ಅದು ಅಲ್ಲೇ ಅದ. ತಗ್ದು ನೋಡುದ್ರ ಅವ್ನು ಸುಳ್ಳೇಳಿದ್ದು…”

“ಕೂರಿಸಿದವ್ನ ಏಳಿಸದಾ? ಲಿಂಗ ಇಡ್ದು ಕೂತವ್ನ ಮ್ಯಾಲ ಗುದ್ಲಿ ಆಕದಾ? ನನ್ ಕಣ್ಣು ಮುಚ್ಚಗಂಟ ಆ ಮಾತ ಆಡಬ್ಯಾಡ.” ರಿವಾಲ್ವರನ್ನು ಅವಳ ಮಡಿಲಿಗೆ ತಳ್ಳಿದರು. “ಅವ್ನ ಕುಯ್ಯಬ್ಯಾಡಿ ಅಂತ ಕಾಲ್ ಇಡ್ದವ್ನು ಕಣವ್ವ ನಾನು. ಇದ್ರ ತಂದಿದಿಯಲ್ಲ. ಇದ್ರಲ್ಲೇ ಮುಗ್ಸು.”

ಮಗಳು ಜೈಲಿಗೆ ಹೋದರೂ ಸರಿ, ಮಗನ ಮೇಲಿನ ಮಣ್ಣು ಕದಲಬಾರದು. ಅದರಲ್ಲಿ ಅವರಿಗೆ ಯಾವ ಗೊಂದಲವೂ ಇರಲಿಲ್ಲ. ಶ್ವೇತಳಿಗೆ ಸಿಟ್ಟು ಬರಲಿಲ್ಲ. ಅವಳಿಗೂ ಕೊಲ್ಲುವ ಆಸೆ ಕಡಿಮೆ ಇರಲಿಲ್ಲ.

ಮೊದಲ ದಿನ ಬೆಳಿಗ್ಗೆ ಹಾಲಿನ ಕ್ಯಾನಿನ ಜೊತೆ ಚೀಲ ಹಿಡಿದು ಡೈರಿಗೆ ಹೋದಳು. ಬೆಂಚು ಖಾಲಿ. ಎರಡನೆಯ ದಿನವೂ ಖಾಲಿ. ವೃಷಭೇಂದ್ರ ಮಾವನ ಮನೆಗೆ ಚಾಮರಾಜನಗರಕ್ಕೆ ಹೋಗಿದ್ದಾನೆ, ನಾಳೆ ಬಂದೂಕು ಒಪ್ಪಿಸಲು ಬರುತ್ತಾನೆ ಎಂದು ಟೀ ಅಂಗಡಿಯವನು ಯಾರಿಗೋ ಹೇಳುತ್ತಿದ್ದ.

ಮೂರನೆಯ ದಿನ ಅವಳು ಆರು ಗುಂಡು ತುಂಬಿದಳು. ಒಪ್ಪಿಸಲು ಒಯ್ಯುವ ಬಂದೂಕಿಗೆ ಗುಂಡು ತುಂಬಬಾರದೆಂದು ಎಲ್ಲರಿಗೂ ಗೊತ್ತು. ಚೀಲವನ್ನು ಎದೆಗೆ ಒತ್ತಿಕೊಂಡು ಮಾವನ ಜೊತೆ ತಾಳವಾಡಿಗೆ ಹೋದಳು.

ಸ್ಟೇಷನ್ನಿನ ಜಗಲಿಯಲ್ಲಿ ಹನ್ನೆರಡು ಹದಿಮೂರು ಜನ ಸಾಲಾಗಿ ನಿಂತಿದ್ದರು, ಕೂತಿದ್ದರು. ಬಂದೂಕುಗಳನ್ನು ಗೋಣಿಯಲ್ಲಿ, ಹಳೆಯ ಪಂಚೆಯಲ್ಲಿ, ಒಬ್ಬರಂತೂ ಹೆಂಡತಿಯ ಸೀರೆಯಲ್ಲಿ ಸುತ್ತಿ, ಸೂಜಿ ಹಾಕಿಸಲು ಕೂಸುಗಳನ್ನು ತಂದ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು.

“ನನ್ ಬಂದೂಕ್ಗ ಓಟಿಲ್ಲ,” ಎನ್ನುತ್ತಿದ್ದ ಶಿವಮಲ್ಲು ಎಂಬ ಮುದುಕ. “ಆದ್ರೂ ಎಲೆಕ್ಸನ್ ಅಂದೇಟ್ಗ ನನ್ ಕರ್ಯಕ ಮೊದ್ಲು ಅದ್ನೇ ಕರೀತರ.”

“ಅದು ನಿನ್ಗಿಂತ ನೆಟ್ಗ ನಿಂತ್ಕತದ ಕಣ್ಲಾ, ಅದ್ಕೆ,” ಎಂದ ವೃಷಭೇಂದ್ರ. ಎಲ್ಲರೂ ನಕ್ಕರು. ಅವನು ತಲೆಯನ್ನು ಹಿಂದಕ್ಕೆ ಎಸೆದು, ಕಣ್ಣು ಮುಚ್ಚಿ ನಕ್ಕ.

ಗೋಡೆಯ ಪಕ್ಕದ ಬೆಂಚಿನ ಎಡತುದಿಯಲ್ಲೇ ಕೂತಿದ್ದ. ಜೋಡಿ ನಳಿಗೆಯ ಬಂದೂಕು ಮೊಣಕಾಲ ಮೇಲೆ ಅಡ್ಡವಾಗಿತ್ತು. ಅದೇ ಬಂದೂಕು. ಅದರ ಹಿಡಿಗೆ ಹೊಸದಾಗಿ ವಾರ್ನಿಷ್ ಹಾಕಿಸಿದ್ದ. ಅವಳು ನಿಂತಲ್ಲಿಂದ ಆರು ಹೆಜ್ಜೆ ಇರಬಹುದು. ಚೀಲದೊಳಗೆ ಕೈ ಇಟ್ಟಳು. ಮರದ ಹಿಡಿ ತಾನಾಗಿ ಅಂಗೈಗೆ ಬಂತು.

ಅವನು ಕಣ್ಣು ತೆರೆದು ಅವಳನ್ನು ಕಂಡ.

“ಏನವ್ವ ಶ್ವೇತ, ನೀನೂನಾ! ಚೀಲ್ದಲ್ಲಿ ಏನ್ ತಂದಿದ್ದಿಯ, ಸೌದೆ ಒಡ್ಯ ಮಚ್ಚಾ?”

“ರಿವಾಲ್ವರು ಕಣಪ್ಪ,” ಎಂದರು ಜಡೇಸ್ವಾಮಿ ಬಿಗುವಾಗಿ.

“ಅಯ್ಯಯ್ಯೋ, ಬುಡು ಮತ್ತ! ಇನ್ನು ನಾವು ಎಣ್ಮಕ್ಳ ಕಂಡ್ರ ಕೈ ಮುಗ್ದು ಓಗ್ಬೇಕು.” ನಗು ಇಳಿಸಿ, ದನಿಯನ್ನೂ ಇಳಿಸಿದ. “ಮಧು ಇದ್ದಿದ್ರ ನಿಂಗ ಇದೆಲ್ಲ ಯಾಕ ಬೇಕಾಗಿತ್ತವ್ವ. ನನ್ ಗ್ರಾಚಾರ. ಈಗ್ಲೂ ಉಣ್ಣಕ ಕೂತ್ರ ತುತ್ತು ಇಳಿಯಲ್ಲ.”

ಸಾಲಿನಲ್ಲಿ ಚ್ಚು ಚ್ಚು ಎಂಬ ಸದ್ದು ಎದ್ದಿತು. “ಪಾಪ, ಅವ್ನಾದ್ರೂ ಏನ್ ಮಾಡ್ದನು,” ಎಂದ ಶಿವಮಲ್ಲು. “ಜೋಳ್ದೊಳ್ಗ ಕಂಡದಾ?”

ಬೆರಳು ಟ್ರಿಗರಿನ ಮೇಲಿತ್ತು. ಕೈ ನಡುಗುತ್ತಿರಲಿಲ್ಲ. ಅಂಗಿಯ ಜೇಬು ಇತ್ತು, ಅದರೊಳಗೆ ಒಂದು ಪೆನ್ನು. ಎರಡು ಉಸಿರಿನ ಕೆಲಸ. ಶ್ವೇತ ಮೊದಲನೆಯ ಉಸಿರನ್ನು ಎಳೆದುಕೊಂಡಳು.

ಆಗ ಅವಳಿಗೆ ಕಂಡದ್ದು ಅವನ ಹೆಣ. ಅದನ್ನು ಅವಳು ಸಾವಿರ ಸಲ ಕಂಡಿದ್ದಳು, ಬೆಂಚಿನ ಮೇಲೆ, ಬದುವಿನ ಮೇಲೆ, ಬಾಯಿ ತೆರೆದುಕೊಂಡು. ಇವತ್ತು ಅದು ಕೂತಿತ್ತು. ಸ್ನಾನ ಮಾಡಿಸಿದ್ದರು. ಹಣೆಗೆ ಮೂರು ಪಟ್ಟೆ ವಿಭೂತಿ. ಎಡ ಅಂಗೈಯಲ್ಲಿ ಲಿಂಗ. ಊರಿನವರೆಲ್ಲ ಚ್ಚು ಚ್ಚು ಎನ್ನುತ್ತ ಒಬ್ಬೊಬ್ಬರಾಗಿ ಬಿಲ್ವಪತ್ರೆ ಹಾಕುತ್ತಿದ್ದರು. ಮಧುಕುಮಾರನಿಂದ ನಾಲ್ಕು ಮಾರು ದೂರದಲ್ಲಿ, ಅದೇ ಮಣ್ಣಿನಲ್ಲಿ. ಹನ್ನೊಂದನೇ ದಿನ ಪಾಯಸ. ಅರಿಯದೆ ತಪ್ಪು ಮಾಡಿದವನನ್ನು ದಾಯಾದಿ ಹುಡುಗಿಯೊಬ್ಬಳು ಸ್ಟೇಷನ್ನಿನಲ್ಲಿ ಕೊಂದಳು ಎಂದು ಮಕ್ಕಳು ಮೊಮ್ಮಕ್ಕಳವರೆಗೆ ಹೇಳುತ್ತಾರೆ. ಮಧುಕುಮಾರ ಮಾತ್ರ ಹಂದಿಯಾಗಿಯೇ ಉಳಿಯುತ್ತಾನೆ.

ಈ ಕನಿಕರ ಅವನ ಜೊತೆ ಮಣ್ಣಿಗೆ ಹೋಗಬಾರದು. ಅವನು ಬದುಕಿರುವಾಗಲೇ, ಇದೇ ಜನರ ಕಣ್ಣೆದುರು, ಅವನ ಮೈಮೇಲಿಂದ ಅದನ್ನು ಸುಲಿಯಬೇಕು. ಗುದ್ದಲಿಯ ಒಂದೊಂದು ಏಟನ್ನೂ ಅವನು ನಿಂತು ಕೇಳಬೇಕು. ಎಷ್ಟು ಆಳ ಬಂತು ಎಂದು ಎಣಿಸುತ್ತ ಕೇಳಬೇಕು. ಅದರ ಮುಂದೆ ಗುಂಡು ಬಹಳ ಸಣ್ಣದಾಗಿ ಕಂಡಿತು. ಗುಂಡಿ ತೆಗೆಸಿದರೆ ಅಪ್ಪ ಇನ್ನೆಂದೂ ತನ್ನ ಕೈಯಿಂದ ತುತ್ತು ತಿನ್ನುವುದಿಲ್ಲ ಎಂಬುದೂ ಗೊತ್ತಾಯಿತು. ಆ ಉಸಿರನ್ನು ಅವಳು ಬಿಟ್ಟಳು. ಬೆರಳು ತೆಗೆದಳು.

ಸಾಲು ಕರಗಿತು. ವೃಷಭೇಂದ್ರ ತನ್ನ ಬಂದೂಕನ್ನು ಮೇಜಿನ ಮೇಲೆ ಇಟ್ಟು, ರಸೀತಿ ಮಡಚಿ ಜೇಬಿಗೆ ಹಾಕಿಕೊಂಡು, ಪಕ್ಕದಲ್ಲಿ ನಿಂತ. ನೋಡಿಕೊಂಡು ಹೋಗೋಣ ಎಂಬ ಕುತೂಹಲ.

“ಕಾಲಿ ತಾನೇ?” ಎಂದು ಎಸ್.ಐ. ತಮಿಳಿನಲ್ಲಿ ಕೇಳಿದರು, ರಿಜಿಸ್ಟರಿನಿಂದ ತಲೆ ಎತ್ತದೆ.

ಶ್ವೇತ ರಿವಾಲ್ವರನ್ನು ಹೊರತೆಗೆದು, ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿ, ಅಂಗಡಿಯ ಯಜಮಾನರು ಕಲಿಸಿದ ಹಾಗೆ ಬಿಚ್ಚಿದಳು. ಗುಂಡುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ನಿಲ್ಲಿಸಿದಳು. ಎರಡನೆಯದಕ್ಕೆ ಎಸ್.ಐ. ಪೆನ್ನು ನಿಂತಿತು. ಮೂರನೆಯದಕ್ಕೆ ಜಡೇಸ್ವಾಮಿಯ ಬಾಯಿಂದ “ಅವ್ವಯ್ಯ” ಎಂದು ಬಂತು. ಆರನೆಯದನ್ನು ನಿಲ್ಲಿಸಿ ಅವಳು ತಲೆ ಎತ್ತಿ ವೃಷಭೇಂದ್ರನನ್ನು ನೋಡಿದಳು. ಒಂದೂವರೆ ವರ್ಷ ಅವನನ್ನು ಕದ್ದು ನೋಡಿದವಳು, ಮೊದಲ ಸಲ ಎದುರಿಗೆ ನೋಡಿದಳು. ಅವನು ಗುಂಡು ನೋಡಿದ, ಅವಳನ್ನು ನೋಡಿದ, ತಾನು ಕೂತಿದ್ದ ಬೆಂಚನ್ನು ನೋಡಿದ. ಅವನ ಕೈ ಜೇಬಿನ ಮೇಲೆ ಹೋಯಿತು.

“ಒಂದೇ ತೂತಿತ್ತು,” ಎಂದಳು ಅವಳು ಅವನಿಗೆ. “ನಾನೇ ನೀರು ಉಯ್ದಿದ್ದು. ಅಂಚು ಸುಟ್ಟಿತ್ತು. ನೀನು ನಲ್ವತ್ತು ಎಜ್ಜ ಅಂದೆ. ತೋಟಾ ಬಟ್ಲು ಒಳ್ಗೇ ಅದ ಕಣಣ್ಣ. ಅದು ಕೊಳೀಲ್ಲ.”

ವೃಷಭೇಂದ್ರ ನಗಲು ನೋಡಿದ. ತಲೆ ಹಿಂದಕ್ಕೆ ಹೋಗಲಿಲ್ಲ. ಶಿವಮಲ್ಲು ಅವನ ಪಕ್ಕದಿಂದ ಒಂದು ಹೆಜ್ಜೆ ಸರಿದು ನಿಂತ.

ಶ್ವೇತ ಎಸ್.ಐ. ಕಡೆ ತಿರುಗಿ, ತನಗೆ ಬರುವಷ್ಟು ತಮಿಳಿನಲ್ಲಿ ಹೇಳಬೇಕಾದ್ದನ್ನು ಹೇಳಿದಳು. ಅಣ್ಣನ ಹೆಸರು, ಊರು, ಸಮಾಧಿ ಇರುವ ಜಾಗ. ಅವರು ಪೆನ್ನಿನ ಮುಚ್ಚಳ ಹಾಕಿ ಅವಳನ್ನೇ ನೋಡುತ್ತ ಕೂತರು. ಜಡೇಸ್ವಾಮಿ ಕೈಯಲ್ಲಿದ್ದ ಜೀಪಿನ ಬೀಗದ ಕೈಯನ್ನು ನೋಡುತ್ತಿದ್ದರು. ಅವಳು ಅದನ್ನೇ ಇನ್ನೊಂದು ಸಲ, ಜಗಲಿಯ ಕೊನೆಯವರೆಗೆ ಕೇಳುವ ಹಾಗೆ, ಕನ್ನಡದಲ್ಲಿ ಹೇಳಿದಳು:

“ನಮ್ಮಣ್ಣನ್ ಗುಂಡಿ ತಗ್ಸಿ ನೋಡಿ, ಸಾರ್.”